ಕವಣೆಗೆ ಯಾವ ಡೈಸ್ ಕೊಡೋಣ?

ಪ್ರಶ್ನೆ: ನಾವು ಐದು ಜನ ಸ್ನೇಹಿತರು ಭಾನುವಾರ ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ಡೈಸ್ ಉರುಳಿಸುವ ಟೇಬಲ್ ಆಟ ಆಡುತ್ತೇವೆ. ಐದನೇ ಆವೃತ್ತಿ, 2014ರ ಪುಸ್ತಕ. ನಾನೇ ಡಿಎಂ, ಅಂದರೆ ಆಟ ನಡೆಸುವ ಡಂಜನ್ ಮಾಸ್ಟರ್. ಹೊಸ ಕ್ಯಾಂಪೇನ್‌ಗೆ ಯುರೋಪಿನ ಕೋಟೆ ಬೇಡ, ಪಾಳೇಗಾರರ ಕಾಲದ ನಮ್ಮ ಕಲ್ಲುಕೋಟೆಯೇ ಇರಲಿ ಎಂದುಕೊಂಡಿದ್ದೇವೆ. ಒಬ್ಬನಿಗೆ ಕುರಿ ಕಾಯುವವರ ಕವಣೆ ಬೇಕು. ಒಬ್ಬಳಿಗೆ ತಮಿಳುನಾಡಿನ ಎಸೆಗೋಲು, ವಳರಿ. ಇನ್ನೊಬ್ಬನಿಗೆ ಎಸೆದರೆ ವಾಪಸ್ ಬರುವ ಚಕ್ರ. ನಾಲ್ಕನೆಯವಳು ಒನಕೆ ಎಸೀತೀನಿ ಅಂತ ಹಟ ಹಿಡಿದಿದ್ದಾಳೆ. ಪುಸ್ತಕದಲ್ಲಿ ಕವಣೆಯ ಡ್ಯಾಮೇಜ್‌ಗೆ ಇರುವುದು ಬರೀ ಡಿ4, ಅಂದರೆ ನಾಲ್ಕು ಮುಖದ ಡೈಸ್. ಹೀಗಾದರೆ ಕೊನೆಗೆ ಎಲ್ಲರೂ ಬಿಲ್ಲನ್ನೇ ಹಿಡಿಯುತ್ತಾರೆ. ಡ್ಯಾಮೇಜ್ ಜಾಸ್ತಿ ಮಾಡಿಬಿಟ್ಟರೆ ಸರಿಹೋಗುತ್ತದಾ?
(ದಾವಣಗೆರೆಯ ಓದುಗರು)

ಉತ್ತರ: ಡ್ಯಾಮೇಜ್ ಡೈಸ್‌ಗೆ ಸದ್ಯಕ್ಕೆ ಕೈ ಹಾಕಬೇಡಿ. ಬಿಲ್ಲಿನ ಮುಂದೆ ಕವಣೆ ಸಪ್ಪೆ ಅನಿಸುವುದಕ್ಕೆ ಡಿ4 ಒಂದೇ ಕಾರಣವಲ್ಲ. ಎಸೆಯುವ ಆಯುಧ ಎಷ್ಟು ದೂರ ಹೋಗುತ್ತದೆ, ಎಸೆಯಲು ಸುತ್ತ ಎಷ್ಟು ಜಾಗ ಬೇಕು, ಎಸೆದ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ, ಅದರ ಗುಣವೆಲ್ಲ ಇರುವುದು ಅಲ್ಲಿ. ಇಷ್ಟನ್ನು ಸರಿಯಾಗಿ ಹಿಡಿದರೆ ಡಿ4 ಇಟ್ಟುಕೊಂಡೂ ಕವಣೆ ಕವಣೆಯಂತೆಯೇ ಆಡುತ್ತದೆ. ಇದನ್ನು ಬಿಟ್ಟು ಡಿ8 ಕೊಟ್ಟರೆ ಸಿಗುವುದು ಇನ್ನೊಂದು ಬಿಲ್ಲು, ಹೆಸರು ಮಾತ್ರ ಬೇರೆ.

ಪುಸ್ತಕದ ಲೆಕ್ಕ ಒಮ್ಮೆ ನೋಡಿ. ಕವಣೆಯ ಮುಂದೆ 30/120 ಅಡಿ ಅಂತ ಇದೆ. 30ರವರೆಗೆ ಸಲೀಸು. ಅಲ್ಲಿಂದ 120ರವರೆಗೆ ಡಿಸ್‌ಅಡ್ವಾಂಟೇಜ್. ಅಂದರೆ ಹೊಡೆತ ತಗಲಿತೇ ಎಂದು ನೋಡುವ ಡಿ20 ಎರಡು ಸಲ ಉರುಳಿಸಿ, ಕಡಿಮೆ ಬಿದ್ದದ್ದನ್ನು ಲೆಕ್ಕಕ್ಕೆ ಹಿಡಿಯಬೇಕು. ಈಗ ಒಂದು ಕ್ರಿಕೆಟ್ ಪಿಚ್ ನೆನೆಸಿಕೊಳ್ಳಿ. 22 ಗಜ, ಅಂದರೆ 66 ಅಡಿ. ಪುಸ್ತಕದ ಕವಣೆಗಾರ ಅರ್ಧ ಪಿಚ್ ದಾಟುವ ಮೊದಲೇ ತಡವರಿಸುತ್ತಾನೆ. ಕೈಗೊಡಲಿ, ಈಟಿ, ಬಾಕು ಎಲ್ಲಕ್ಕೂ 20/60. ಈ ತುದಿಯ ಸ್ಟಂಪ್ ಪಕ್ಕ ನಿಂತು ಎಸೆದ ಕೊಡಲಿ ಆ ತುದಿಯ ಸ್ಟಂಪ್ ಮುಟ್ಟುವುದೇ ಇಲ್ಲ! ಗಲ್ಲಿ ಕ್ರಿಕೆಟ್ಟಿನಲ್ಲಿ ಬೌಂಡರಿಯಿಂದ ಕೀಪರ್ ಕೈಗೆ ಚೆಂಡು ಎಸೆಯುವ ಹುಡುಗ ಇದನ್ನು ಓದಿದರೆ ಬಿದ್ದು ಬಿದ್ದು ನಗುತ್ತಾನೆ.

ಹಾಗಂತ ನಿಜ ಜೀವನದ ದಾಖಲೆ ತಂದು ಟೇಬಲ್ ಮೇಲೆ ಸುರಿಯಲೂ ಆಗುವುದಿಲ್ಲ. 1981ರಲ್ಲಿ ಅಮೆರಿಕದ ಯೂಟಾದಲ್ಲಿ ಲ್ಯಾರಿ ಬ್ರೇ ಎಂಬಾತ ಕವಣೆಯಿಂದ 52 ಗ್ರಾಂ ಕಲ್ಲನ್ನು 437 ಮೀಟರ್ ದೂರ ಕಳಿಸಿದ. ಆಟದ ನಕ್ಷೆಯ ಐದು ಅಡಿಗೆ ಒಂದು ಚೌಕದ ಲೆಕ್ಕದಲ್ಲಿ ಅದು 287 ಚೌಕ. ಚೌಕಕ್ಕೆ ಒಂದು ಇಂಚು ಹಿಡಿದರೆ ನಿಮ್ಮ ಟೇಬಲ್ 24 ಅಡಿ ಉದ್ದ ಇರಬೇಕು. ಮದುವೆ ಛತ್ರದ ಊಟದ ಸಾಲು ಬಾಡಿಗೆಗೆ ತರಬೇಕಾಗುತ್ತದೆ. ದಾಖಲೆಯ ಎಸೆತಕ್ಕೆ ಗುರಿ ಇರುವುದಿಲ್ಲ, ಎದುರಿಗೆ ಕತ್ತಿ ಹಿಡಿದು ಓಡಿ ಬರುವವನೂ ಇರುವುದಿಲ್ಲ. ಆಟದಲ್ಲಿ ಒಂದು ರೌಂಡ್ ಆರು ಸೆಕೆಂಡ್. ಆ ಆರು ಸೆಕೆಂಡಿನಲ್ಲಿ ಓಡಬೇಕು, ಬಗ್ಗಬೇಕು, ಗುರಿ ಹಿಡಿಯಬೇಕು. ಹಾಗಾಗಿ ಪುಸ್ತಕದವರು ದೂರವನ್ನು ಕುಗ್ಗಿಸಿದ್ದು ತಪ್ಪಲ್ಲ. ಕವಣೆಗೆ ಮಾತ್ರ ಸ್ವಲ್ಪ ಜಾಸ್ತಿಯೇ ಕುಗ್ಗಿಸಿದ್ದಾರೆ ಅನ್ನುವುದು ನನ್ನ ತಕರಾರು. ಚಿಕ್ಕ ಬಿಲ್ಲಿಗೆ 80/320 ಕೊಟ್ಟು ಇದಕ್ಕೆ 30 ಕೊಟ್ಟಿದ್ದು ಅನ್ಯಾಯ.

ದೂರ ಎಷ್ಟು ಬೆಲೆ ಬಾಳುತ್ತದೆ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ಮೊದಲನೇ ಲೆವೆಲ್ ಪಾತ್ರ, ಹೊಡೆತಕ್ಕೆ +5, ಡ್ಯಾಮೇಜ್‌ಗೆ +3. ಎದುರಿಗೆ ಪುಸ್ತಕದ ಗಾಬ್ಲಿನ್ ಎಂಬ ಕುಳ್ಳ ಶತ್ರು, ಎಸಿ 15 (ಡಿ20ಕ್ಕೆ +5 ಸೇರಿಸಿ ಇಷ್ಟು ಮುಟ್ಟಿದರೆ ಏಟು ತಗಲುತ್ತದೆ), ಹಿಟ್ ಪಾಯಿಂಟ್ 7 (ಇಷ್ಟು ಡ್ಯಾಮೇಜ್ ಆದರೆ ಬೀಳುತ್ತದೆ). ಮಾಮೂಲಿ ದೂರದಲ್ಲಿ ತಗಲುವ ಸಾಧ್ಯತೆ ನೂರಕ್ಕೆ 55. ಡಿಸ್‌ಅಡ್ವಾಂಟೇಜ್ ಬಂತೋ, ಅದು 30ಕ್ಕೆ ಇಳಿಯುತ್ತದೆ. ಹೆಚ್ಚು ಕಡಿಮೆ ಅರ್ಧ. ಇನ್ನು ಡೈಸ್. ತಗಲಿದ ಮೇಲೆ ಒಂದೇ ಏಟಿಗೆ ಗಾಬ್ಲಿನ್ ಬೀಳುವುದು ಡಿ4ರಲ್ಲಿ ನಾಲ್ಕಕ್ಕೊಂದು ಸಲ, ಡಿ6ರಲ್ಲಿ ಎರಡಕ್ಕೊಂದು ಸಲ. ಇದೂ ದೊಡ್ಡ ವ್ಯತ್ಯಾಸವೇ, ಒಪ್ಪುತ್ತೇನೆ. ನಿಮ್ಮ ಹುಡುಗ ಡಿ4 ನೋಡಿ ಮುಖ ಸಿಂಡರಿಸಿದ್ದು ಸುಮ್ಮನೆ ಅಲ್ಲ. ಆದರೆ ಇದು ಮೊದಲ ಎರಡು ಮೂರು ಲೆವೆಲ್ಲಿನ ಮಾತು. ಮುಂದೆ 40, 60 ಹಿಟ್ ಪಾಯಿಂಟಿನ ಶತ್ರುಗಳು ಬಂದಾಗ ಡಿ4ಕ್ಕೂ ಡಿ6ಕ್ಕೂ ನಡುವೆ ಉಳಿಯುವುದು ಸರಾಸರಿ ಒಂದೇ ಒಂದು ಪಾಯಿಂಟ್. ಡಿಸ್‌ಅಡ್ವಾಂಟೇಜ್ ಕೊಡುವ ಪೆಟ್ಟು ಮಾತ್ರ ಕೊನೆಯವರೆಗೂ ಹಾಗೇ ಇರುತ್ತದೆ. ಅದಕ್ಕೇ ದೂರ ಮೊದಲು, ಡೈಸ್ ಆಮೇಲೆ ಅನ್ನುವುದು.

ಈಗ ಕವಣೆಯನ್ನೇ ಕೈಗೆ ತೆಗೆದುಕೊಳ್ಳೋಣ. ನಮ್ಮ ಗುಂಪಿನಲ್ಲೂ ಒಮ್ಮೆ ಇದೇ ಜಗಳ ಆಗಿತ್ತು. ಮಾತು ಸಾಕು ಅಂತ ಸೆಣಬಿನ ಹಗ್ಗದಲ್ಲಿ ಒಂದು ಕವಣೆ ಹೆಣೆದು, ಒಂದು ಖಾಲಿ ಸೈಟಿಗೆ ಹೋದೆವು. ಕಲ್ಲು ಬೇಡ ಅಂತ ಟೆನಿಸ್ ಬಾಲ್ ಹಿಡಿದುಕೊಂಡಿದ್ದು ಪುಣ್ಯ. ಹಗ್ಗದ ಒಂದು ತುದಿಯಲ್ಲಿ ಕುಣಿಕೆ, ಅದು ನಡುಬೆರಳಿಗೆ. ಇನ್ನೊಂದು ತುದಿಯಲ್ಲಿ ಗಂಟು, ಅದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ. ಮಧ್ಯದಲ್ಲಿ ಅಂಗೈ ಅಗಲದ ತೊಟ್ಟಿಲು, ಅದರಲ್ಲಿ ಚೆಂಡು. ಸಿನಿಮಾದಲ್ಲಿ ತೋರಿಸುವ ಹಾಗೆ ತಲೆಯ ಮೇಲೆ ಹತ್ತು ಸಲ ಗಿರಗಿರ ತಿರುಗಿಸಿದೆ. ವುಂಯ್ ವುಂಯ್ ಅಂತ ಸದ್ದು ಚೆನ್ನಾಗಿಯೇ ಬಂತು. ಗಂಟು ಬಿಟ್ಟೆ. ಚೆಂಡು ಮುಂದೆ ಹೋಗಲಿಲ್ಲ, ನನ್ನ ಹಿಂದೆ ನಿಂತಿದ್ದ ಗೆಳೆಯನ ಮೊಣಕಾಲಿಗೆ ಹೋಯಿತು. ಎರಡನೆಯದು ಪಕ್ಕದ ಮನೆಯ ಟೆರೇಸ್ ಮೇಲೆ ಒಣ ಹಾಕಿದ್ದ ಹಪ್ಪಳದ ನಡುವೆ. ಹತ್ತರಲ್ಲಿ ನಾಲ್ಕು ಮಾತ್ರ ಸುಮಾರಾಗಿ ಮುಂದಕ್ಕೆ ಹೋದವು.

ಆ ಸಂಜೆ ಕಲಿತದ್ದು ಇಷ್ಟು. ಒಂದು, ತುಂಬಾ ಸಲ ತಿರುಗಿಸಿದರೆ ಲಾಭವಿಲ್ಲ. ಒಂದು ಸುತ್ತು ಸಾಕು, ಜೋರು ಬರುವುದು ಕೊನೆಯ ಬೀಸಿನಲ್ಲಿ. ಹಾಗಾಗಿ ಆರು ಸೆಕೆಂಡಿನಲ್ಲಿ ಕಲ್ಲಿಟ್ಟು ಒಂದು ಸಲ ಬೀಸಲು ಧಾರಾಳವಾಗಿ ಸಮಯ ಇದೆ. ಆಟದಲ್ಲಿ ಕವಣೆಗೆ ತಡ ಮಾಡುವ ರೂಲ್ ಬೇಡ. ಎರಡು, ಜಾಗ ಬೇಕು. ಚಾಚಿದ ಕೈ ಎರಡು ಅಡಿ, ಮಡಚಿದ ಕವಣೆ ಎರಡೂವರೆ. ಬೀಸಿದಾಗ ಸುತ್ತ ಸುಮಾರು ಒಂದು ಚೌಕ ನಿಮ್ಮದೇ. ಅಲ್ಲಿ ಯಾರೂ ನಿಲ್ಲಬಾರದು, ನನ್ನ ಗೆಳೆಯನ ಮೊಣಕಾಲು ಸಾಕ್ಷಿ. ಮೂರು, ಕಲ್ಲು ಒಂದೇ ತೂಕದ್ದಾಗಿರಬೇಕು. ಸ್ವಲ್ಪ ಹಳೆಯ, ಭಾರ ಕಡಿಮೆಯಾದ ಬಾಲ್ ಹಾಕಿದರೆ ಗಂಟು ಬಿಡುವ ಹೊತ್ತು ತಪ್ಪುತ್ತಿತ್ತು.

ಇಲ್ಲಿಂದ ರೂಲ್ ತಾನಾಗಿಯೇ ಬರುತ್ತದೆ. ಪಕ್ಕದ ಚೌಕದಲ್ಲಿ ನಮ್ಮವನೇ ನಿಂತಿದ್ದರೂ ಕವಣೆಗೆ ಡಿಸ್‌ಅಡ್ವಾಂಟೇಜ್. ಐದು ಅಡಿ ಅಗಲದ ಓಣಿಯಲ್ಲಿ, ತಗ್ಗು ಚಾವಣಿಯ ಗುಹೆಯಲ್ಲಿ ಕವಣೆ ಬೀಸಲು ಆಗುವುದೇ ಇಲ್ಲ. ಕಲ್ಲುಕೋಟೆಯ ಆಟದಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಬತೇರಿಯ ಮೇಲೆ ನಿಂತಾಗ ನಿಮ್ಮ ಕುರಿಗಾಹಿ ರಾಜ, ಕೆಳಗಿನ ಕಳ್ಳದಾರಿಗೆ ಇಳಿದಾಗ ಕೈಯಲ್ಲಿ ಬರೀ ಹಗ್ಗ. ಆಟಗಾರ ಎಲ್ಲಿ ನಿಲ್ಲಬೇಕು ಅಂತ ಯೋಚಿಸಲು ಶುರು ಮಾಡುತ್ತಾನೆ. ನಮಗೆ ಬೇಕಾದದ್ದೂ ಅದೇ ಅಲ್ವಾ?

ದೂರದ ಲೆಕ್ಕದಲ್ಲಿ ಕಲ್ಲಿನ ಗುಣಕ್ಕೂ ಬೆಲೆ ಕೊಡಿ. ಇದಕ್ಕೆ ಹಳೆಯ ಸಾಕ್ಷಿ ಇದೆ. ಕ್ರಿಸ್ತಪೂರ್ವ 401ರ ಸುಮಾರಿಗೆ ಪರ್ಷಿಯಾದಿಂದ ಹಿಮ್ಮೆಟ್ಟುತ್ತಿದ್ದ ಗ್ರೀಕ್ ಸೈನ್ಯದಲ್ಲಿ ಕ್ಸೆನೊಫೋನ್ ಇದ್ದ. ಪರ್ಷಿಯದ ಕವಣೆಗಾರರು ಮುಷ್ಟಿ ಗಾತ್ರದ ಕಲ್ಲು ಎಸೆಯುತ್ತಿದ್ದರು, ಗ್ರೀಕ್ ಕಡೆಯ ರೋಡ್ಸ್ ದ್ವೀಪದವರು ಸೀಸದ ಗುಂಡು ಎಸೆಯುತ್ತಿದ್ದರು, ಇವರ ಗುಂಡು ಅವರದಕ್ಕಿಂತ ಎರಡು ಪಟ್ಟು ದೂರ ಹೋಗುತ್ತಿತ್ತು ಅಂತ ಅವನು ಬರೆದಿಟ್ಟಿದ್ದಾನೆ. ಸೀಸ ಚಿಕ್ಕದು, ಭಾರ, ಗಾಳಿ ತಡೆಯುವುದು ಕಡಿಮೆ. ಎಲ್ಲ ಗುಂಡೂ ಒಂದೇ ಅಚ್ಚಿನದು, ಹಾಗಾಗಿ ಕೈಗೆ ತೂಕ ಕೂರುತ್ತದೆ. ಇದನ್ನೇ ಹಾಗೇ ಎತ್ತಿಕೊಳ್ಳಿ. ದಾರಿಯಲ್ಲಿ ಆರಿಸಿದ ಕಲ್ಲಿಗೆ ಪುಸ್ತಕದ 30/120 ಮತ್ತು ಡಿ4. ಹಳ್ಳದಲ್ಲಿ ಒಂದು ಗಂಟೆ ಕೂತು ಒಂದೇ ಸಮ ನೋಡಿ ಆರಿಸಿದ ಗುಂಡುಕಲ್ಲಿಗೆ 60/240, ಡಿ4. ಅಚ್ಚು ಹುಯ್ದ ಸೀಸದ ಗುಂಡಿಗೆ 60/240, ಡಿ6. ಡೈಸ್ ಏರಿಸುವುದಿದ್ದರೆ ಇದೊಂದೇ ಮೆಟ್ಟಿಲು. ಸೀಸ ದುಡ್ಡು ಕೊಟ್ಟು ತರಬೇಕು, ಎಸೆದದ್ದು ಹುಲ್ಲಿನಲ್ಲಿ ಕಳೆದುಹೋಗುತ್ತದೆ. ಗುಂಡುಕಲ್ಲು ಪುಕ್ಕಟೆ, ಆದರೆ ಒಂದು ಗಂಟೆಗೆ ಇಪ್ಪತ್ತಕ್ಕಿಂತ ಹೆಚ್ಚು ಸಿಗಬಾರದು. ನಾನು ಇದನ್ನು ಜಾರಿಗೆ ತಂದ ಮೇಲೆ ನಮ್ಮ ಕವಣೆಗಾರ ಪ್ರತಿ ಹಳ್ಳದ ಹತ್ತಿರವೂ 'ಒಂದು ಗಂಟೆ ಇಲ್ಲೇ ಇರೋಣ' ಅನ್ನಲು ಶುರು ಮಾಡಿದ. ಉಳಿದವರಿಗೆ ತಲೆಬಿಸಿ, ನನಗೆ ಖುಷಿ. ಆ ಒಂದು ಗಂಟೆಯಲ್ಲಿ ಏನೇನೋ ನಡೆಸಬಹುದು.

ಸ್ಪೇನ್ ಪಕ್ಕದ ಬ್ಯಾಲಿಯಾರಿಕ್ ದ್ವೀಪದ ಕವಣೆಗಾರರು ಹಳೆಯ ಕಾಲದಲ್ಲಿ ಬಾಡಿಗೆ ಸೈನಿಕರಾಗಿ ಹೆಸರು ಮಾಡಿದವರು. ಉದ್ದ ಹಗ್ಗದ್ದು ದೂರಕ್ಕೆ, ಗಿಡ್ಡ ಹಗ್ಗದ್ದು ಹತ್ತಿರಕ್ಕೆ, ಮಧ್ಯದ್ದು ಮಧ್ಯಕ್ಕೆ ಎಂದು ಅವರು ಮೂರು ಕವಣೆ ಇಟ್ಟುಕೊಳ್ಳುತ್ತಿದ್ದರು ಅಂತ ಪ್ರಾಚೀನ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಹೇಳುತ್ತಾನೆ. ಆಟಕ್ಕೆ ಮೂರು ಬೇಡ, ಲೆಕ್ಕ ಇಟ್ಟುಕೊಳ್ಳುವವರು ಯಾರು! ಎರಡು ಸಾಕು. ಗಿಡ್ಡ ಕವಣೆ ತೆಗೆದುಕೊಂಡರೆ ಪಕ್ಕದ ಚೌಕದ ತೊಂದರೆ ಇಲ್ಲ, ಆದರೆ ದೂರ 30/120ಕ್ಕೇ ನಿಲ್ಲುತ್ತದೆ, ಸೀಸ ಹಾಕಿದರೂ ಸರಿ. ಇನ್ನೊಂದು ಮಾತು. ಒಂದೇ ಕೈಯ ಆಯುಧವಾದರೂ ಕಲ್ಲಿಡಲು ಇನ್ನೊಂದು ಕೈ ಖಾಲಿ ಇರಲೇಬೇಕು ಅನ್ನುತ್ತದೆ ಪುಸ್ತಕ. ಗುರಾಣಿ ಹಿಡಿದು ಕವಣೆ ಬೀಸುತ್ತೇನೆ ಅಂದರೆ ಒಪ್ಪಬೇಡಿ.

ಅಂದ ಹಾಗೆ, ನಿಮ್ಮ ಹುಡುಗ ಪಾತ್ರದ ಚಿತ್ರ ಬರೆದಿದ್ದರೆ ಒಮ್ಮೆ ನೋಡಿ. ಕವಣೆ ಅಂದರೆ ತುಂಬಾ ಜನ ಕವಲು ಕಡ್ಡಿಗೆ ರಬ್ಬರ್ ಕಟ್ಟಿದ ಚಾಟರಬಿಲ್ಲನ್ನೇ ಬರೆಯುತ್ತಾರೆ. ಎಳೆದರೆ ಹರಿಯದ, ಬಿಟ್ಟರೆ ಸಡಿಲವಾಗದ ರಬ್ಬರ್ ಬಂದದ್ದು ಅದನ್ನು ಗಂಧಕದ ಜೊತೆ ಕಾಯಿಸುವುದು ಗೊತ್ತಾದ ಮೇಲೆ. ಚಾರ್ಲ್ಸ್ ಗುಡ್‌ಇಯರ್‌ಗೆ ಅದರ ಪೇಟೆಂಟ್ ಸಿಕ್ಕಿದ್ದು 1844ರಲ್ಲಿ. ಚಿತ್ರದುರ್ಗ ಹೈದರಾಲಿಯ ಕೈಗೆ ಹೋದದ್ದು 1779ರಲ್ಲಿ. ನಿಮ್ಮ ಕೋಟೆಯಲ್ಲಿ ಚಾಟರಬಿಲ್ಲು ಇರಲು ಸಾಧ್ಯವಿಲ್ಲ. ಜೋಳದ ಹೊಲದಲ್ಲಿ ಅಟ್ಟಣೆ ಮೇಲೆ ನಿಂತು ಹಕ್ಕಿ ಓಡಿಸುತ್ತಿದ್ದರಲ್ಲ, ಉತ್ತರ ಕರ್ನಾಟಕದವರು ಕವಣಿ ಅನ್ನುತ್ತಾರಲ್ಲ, ಆ ಹಗ್ಗದ್ದೇ ನಿಮಗೆ ಬೇಕಾದದ್ದು. ಕಲ್ಲು ತಗಲದಿದ್ದರೂ ಹಗ್ಗದ ತುದಿ ಛಟೀರ್ ಅಂದರೆ ಸಾಕು, ಗಿಳಿಗಳ ಹಿಂಡು ಏಳುತ್ತದೆ. ಕುದುರೆ ಬೆದರಿಸಲು, ಕಾವಲುಗಾರನ ಗಮನ ಬೇರೆ ಕಡೆ ಸೆಳೆಯಲು ಆ ಸದ್ದನ್ನು ಆಟದಲ್ಲಿ ಬಳಸಲು ಬಿಡಿ. ಅದಕ್ಕೆ ರೂಲ್ ಬರೆಯುವ ಕೆಲಸವಿಲ್ಲ.

ವಳರಿಗೆ ಬರೋಣ. ಇದು ಬಾಗಿದ ಎಸೆಗೋಲು. ಒಂದು ತುದಿ ಭಾರ, ಇನ್ನೊಂದು ತುದಿ ಹಿಡಿಯಲು. ಮರದ್ದೂ ಇತ್ತು, ಕಬ್ಬಿಣದ್ದೂ ಇತ್ತು. ಮಧುರೆ, ಶಿವಗಂಗೆ ಸೀಮೆಯ ಆಯುಧ. ಶಿವಗಂಗೆಯ ಚಿನ್ನ ಮರುದು ತನಗೆ ಇದನ್ನು ಎಸೆಯಲು ಕಲಿಸಿದ ಅಂತ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜೇಮ್ಸ್ ವೆಲ್ಶ್ ಬರೆದಿದ್ದಾನೆ. ಮುಂದೆ ಅದೇ ಕಂಪನಿ 1801ರಲ್ಲಿ ಮರುದು ಅಣ್ಣತಮ್ಮಂದಿರನ್ನು ನೇಣಿಗೆ ಹಾಕಿತು. ಪಳಗಿದ ಕೈಯಲ್ಲಿ ವಳರಿ ನೂರು ಗಜದೊಳಗೆ ಗುರಿ ತಪ್ಪುವುದಿಲ್ಲ ಅನ್ನುವುದು ವೆಲ್ಶ್‌ನ ಮಾತು. ನೂರು ಗಜ ಅಂದರೆ 300 ಅಡಿ, 60 ಚೌಕ. ಗುರುವಿನ ಮೇಲೆ ಅಭಿಮಾನ ಇಟ್ಟುಕೊಂಡ ಶಿಷ್ಯ, ಎಷ್ಟೋ ವರ್ಷ ಆದ ಮೇಲೆ ನೆನಪಿನಿಂದ ಬರೆದದ್ದು. ನಾನು ಸ್ವಲ್ಪ ತಳ್ಳಿಹಾಕಿಯೇ ಓದುತ್ತೇನೆ. 40/120 ಕೊಡಿ. ಡ್ಯಾಮೇಜ್ ಡಿ6, ಜಜ್ಜುವ ಬಗೆ. ಬಲದ ಆಯುಧ, ಚುರುಕಿನದಲ್ಲ, ಹಾಗಾಗಿ ಸ್ಟ್ರೆಂತ್ ಲೆಕ್ಕ.

ವಳರಿಯ ನಿಜವಾದ ರುಚಿ ಡ್ಯಾಮೇಜಿನಲ್ಲಿ ಇಲ್ಲ. ತಿರುಗುತ್ತಾ ನೆಲದ ಮಟ್ಟದಲ್ಲಿ ಹೋಗಿ ಓಡುವವರ ಕಾಲಿಗೆ ಬೀಳುತ್ತದೆ ನೋಡಿ, ಅಲ್ಲಿದೆ. ನನ್ನ ರೂಲ್ ಹೀಗೆ. ಎಸೆಯುವ ಮೊದಲು 'ಕಾಲಿಗೆ' ಅಂತ ಹೇಳಬೇಕು. ತಗಲಿದರೆ ಬರೀ ಡಿ4 ಡ್ಯಾಮೇಜ್, ಮೇಲೆ ಏನೂ ಸೇರಿಸುವ ಹಾಗಿಲ್ಲ. ಆದರೆ ಎದುರಾಳಿ ಸ್ಟ್ರೆಂತ್ ಸೇವ್ ಮಾಡಬೇಕು, ಅಂದರೆ ಡಿ20 ಉರುಳಿಸಿ, ತನ್ನ ಬಲ ಸೇರಿಸಿ, ಗುರಿ ಸಂಖ್ಯೆ ಮುಟ್ಟಬೇಕು. ಗುರಿ ಸಂಖ್ಯೆ 8, ಅದಕ್ಕೆ ಎಸೆದವಳ ಪ್ರೊಫಿಷಿಯೆನ್ಸಿ (ಪಳಗಿದ್ದಕ್ಕೆ ಸಿಗುವ ಅಂಕ) ಮತ್ತು ಸ್ಟ್ರೆಂತ್ ಸೇರಿಸಿ. ಸೋತರೆ ಬೀಳುತ್ತಾನೆ. ಎದ್ದು ನಿಲ್ಲಲು ಅರ್ಧ ನಡಿಗೆ ಖರ್ಚು. ಓಡಿಹೋಗುವ ಗೂಢಚಾರನನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ತಮಾಷೆ ಏನು ಗೊತ್ತಾ? ಬಿದ್ದವನ ಮೇಲೆ ಪಕ್ಕದಲ್ಲಿ ನಿಂತು ಹೊಡೆಯುವವರಿಗೆ ಅಡ್ವಾಂಟೇಜ್ (ಎರಡು ಡಿ20ರಲ್ಲಿ ಹೆಚ್ಚು ಬಿದ್ದದ್ದು ಲೆಕ್ಕಕ್ಕೆ), ದೂರದಿಂದ ಎಸೆಯುವವರಿಗೆ ಡಿಸ್‌ಅಡ್ವಾಂಟೇಜ್. ಅಂದರೆ ವಳರಿಯವಳು ಒಬ್ಬನನ್ನು ಕೆಡವಿದ ತಕ್ಷಣ ನಿಮ್ಮ ಕವಣೆಗಾರ ಅವಳನ್ನು ಬೈಯಲು ಶುರು ಮಾಡುತ್ತಾನೆ. ಇಬ್ಬರೂ ಮಾತಾಡಿಕೊಂಡು ಆಡಬೇಕಾಗುತ್ತದೆ. ಈ ಜಗಳವನ್ನು ದಯವಿಟ್ಟು ರೂಲ್ ಬದಲಿಸಿ ಬಿಡಿಸಬೇಡಿ.

ಕಾಡಿನಲ್ಲಿ, ಪೊದೆಯ ನಡುವೆ ವಳರಿಗೆ ಡಿಸ್‌ಅಡ್ವಾಂಟೇಜ್ ಕೊಡಿ. ತಿರುಗುವ ಕೋಲಿಗೆ ಒಂದು ಕೊಂಬೆ ಸಾಕು. ವಾಪಸ್ ಬರುತ್ತದಾ ಅಂತ ಆ ಹುಡುಗಿ ಕೇಳಿದರೆ, ಇಲ್ಲ ಅನ್ನಿ. ಬೇಟೆಯ ಕೋಲು ನೇರ ಹೋಗಿ ಹೊಡೆಯಲು ಮಾಡಿದ್ದು. ಆಸ್ಟ್ರೇಲಿಯಾದ ಬೂಮರಾಂಗ್‌ನದೂ ಇದೇ ಕಥೆ. ಅಲ್ಲಿನ ಮೂಲನಿವಾಸಿಗಳು ಕಾಂಗರೂ ಹೊಡೆಯಲು ಎಸೆಯುತ್ತಿದ್ದದ್ದು ದೊಡ್ಡದಾದ, ಭಾರದ, ವಾಪಸ್ ಬಾರದ ಕೋಲು. ವಾಪಸ್ ಬರುವುದು ಹಗುರ. ಅದನ್ನು ಹಕ್ಕಿಗಳ ಹಿಂಡಿನ ಮೇಲೆ ಹಾರಿಸಿ, ಹದ್ದು ಬಂತೆಂದು ಬೆದರಿಸಿ, ಬಲೆಯ ಕಡೆಗೆ ಓಡಿಸುತ್ತಿದ್ದರು. ಅದೂ ಯಾವುದಕ್ಕೂ ತಗಲದಿದ್ದರೆ ಮಾತ್ರ ತಿರುಗಿ ಬರುತ್ತದೆ. ತಗಲಿತೋ, ಅಲ್ಲೇ ಬಿತ್ತು. ಯಾರಾದರೂ ಬೂಮರಾಂಗ್ ಕೇಳಿದರೆ ಡಿ4 ಕೊಟ್ಟು ಹೀಗೆ ಮಾಡಿ: ಹೊಡೆತ ತಪ್ಪಿದರೆ ಮಾತ್ರ, ಮುಂದಿನ ಟರ್ನ್ ಶುರುವಾದಾಗ ಅದು ಎಸೆದ ಚೌಕಕ್ಕೆ ಬರುತ್ತದೆ. ಅಷ್ಟರಲ್ಲಿ ನೀವು ಆ ಚೌಕ ಬಿಟ್ಟು ಹೋಗಿದ್ದರೆ ನಿಮ್ಮ ಕರ್ಮ.

ಇದೇ ಕಾರಣಕ್ಕೆ ಚಕ್ರದ ಹುಡುಗನಿಗೆ ನಿರಾಸೆ ಕಾದಿದೆ. ಚಕ್ರ ವಾಪಸ್ ಬರುತ್ತದೆ ಅನ್ನುವುದು ನಾವೆಲ್ಲ ಟಿವಿ ಧಾರಾವಾಹಿಯಲ್ಲಿ ಕೃಷ್ಣನ ಬೆರಳು ನೋಡಿ ಕಲಿತದ್ದು. ಸುದರ್ಶನ ದೇವರ ಆಯುಧ. ಮನುಷ್ಯರು ನಿಜವಾಗಿ ಯುದ್ಧಕ್ಕೆ ಒಯ್ದ ಚಕ್ರ ಪಂಜಾಬಿನ ನಿಹಾಂಗ್ ಸಿಖ್ಖರದು. ತೆಳ್ಳಗಿನ ಚಪ್ಪಟೆ ಉಕ್ಕಿನ ಬಳೆ, ಹೊರ ಅಂಚು ಹರಿತ. ಎತ್ತರದ ಪೇಟದ ಸುತ್ತ ನಾಲ್ಕೈದು ಬಳೆ ಪೇರಿಸಿಕೊಂಡಿರುವ ಚಿತ್ರ ನೀವು ನೋಡಿರಬಹುದು. ತೋರುಬೆರಳಿಗೆ ಹಾಕಿ ತಿರುಗಿಸಿ ಬಿಡುವುದೂ ಇತ್ತು, ಎರಡು ಬೆರಳ ನಡುವೆ ಹಿಡಿದು ಬೀಸುವುದೂ ಇತ್ತು. ಎಸೆದದ್ದು ಹೋಯಿತು, ಅಷ್ಟೇ. ಅದಕ್ಕೇ ನಾಲ್ಕೈದು ಹೊರುತ್ತಿದ್ದದ್ದು!

ಬಳೆಯ ಆಕಾರ ಮಾತ್ರ ಹಾರಲು ಹೇಳಿ ಮಾಡಿಸಿದಂತಿದೆ. ಏರೋಬಿ ಅನ್ನುವ ಪ್ಲಾಸ್ಟಿಕ್ ಬಳೆಯನ್ನು 2003ರಲ್ಲಿ ಎರಿನ್ ಹೆಮ್ಮಿಂಗ್ಸ್ ಎಂಬಾತ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 406 ಮೀಟರ್ ಎಸೆದ. ಉಕ್ಕಿನದು ಆ ದೂರ ಹೋಗುವುದಿಲ್ಲ. ಆದರೂ ಅದೇ ತೂಕದ ಚಾಕುವಿಗಿಂತ ಚೆನ್ನಾಗಿ ಹೋಗುತ್ತದೆ. ಚಾಕು ತಲೆಕೆಳಗಾಗುತ್ತಾ ಹೋಗುತ್ತದಲ್ಲ, ಹಿಡಿಯೂ ತಗಲಬಹುದು. ಬಳೆಗೆ ಹಿಡಿಯೇ ಇಲ್ಲ, ಎಲ್ಲ ಕಡೆಯೂ ಅಂಚೇ. ಹಾಗಾಗಿ ಡಿ4, ಕತ್ತರಿಸುವ ಬಗೆ, 30/90, ಫಿನೆಸ್ (ಬಲ, ಚುರುಕು ಎರಡರಲ್ಲಿ ಯಾವುದನ್ನಾದರೂ ಲೆಕ್ಕಕ್ಕೆ ಹಿಡಿಯಬಹುದು). ಬಾಕುವಿಗಿಂತ ದೂರ ಜಾಸ್ತಿ, ಆದರೆ ಕೈಯಲ್ಲಿ ಹಿಡಿದು ಹೋರಾಡಲು ಬರುವುದಿಲ್ಲ.

2014ರ ನಿಯಮದಲ್ಲಿ ಚಕ್ರಕ್ಕೆ ಒಂದು ತೊಡಕು ಇದೆ. ಒಂದು ಟರ್ನಿನಲ್ಲಿ ಒಂದು ಆಯುಧ ಮಾತ್ರ ಪುಕ್ಕಟೆ ಹೊರತೆಗೆಯಬಹುದು. ಐದನೇ ಲೆವೆಲ್ಲಿನಲ್ಲಿ ಫೈಟರ್ ವರ್ಗದ ಪಾತ್ರಕ್ಕೆ ಎರಡು ಹೊಡೆತ ಸಿಕ್ಕಾಗ ಎರಡನೇ ಚಕ್ರ ಪೇಟದಲ್ಲೇ ಉಳಿಯುತ್ತದೆ. 2024ರ ಪುಸ್ತಕದಲ್ಲಿ ಪ್ರತಿ ಹೊಡೆತದ ಜೊತೆ ಒಂದು ಆಯುಧ ತೆಗೆಯಬಹುದು ಅಂತ ಸರಿಮಾಡಿದ್ದಾರೆ. ನೀವೂ ಅದನ್ನೇ ಎತ್ತಿಕೊಳ್ಳಿ, ಆದರೆ ಪೇಟದಲ್ಲೋ ತೋಳಲ್ಲೋ ಇರುವ ಐದು ಚಕ್ರಕ್ಕೆ ಮಾತ್ರ. ಚೀಲದಲ್ಲಿರುವುದಕ್ಕೆ ಇಲ್ಲ. ಇನ್ನು ಅವನಿಗೆ ವಾಪಸ್ ಬರಲೇಬೇಕು ಅಂದರೆ, ನಾಲ್ಕೈದು ಸೆಷನ್ ಆದ ಮೇಲೆ ಯಾವುದಾದರೂ ಹಾಳು ದೇಗುಲದಲ್ಲಿ ಸಿಗುವ ಮಾಯದ ಚಕ್ರ ಇಡಿ. ಆಟದಲ್ಲಿ ಎಸೆದ ತಕ್ಷಣ ಕೈಗೆ ಮರಳುವ +1 ಆಯುಧ ಆರ್ಟಿಫಿಸರ್ ಅನ್ನುವ ವರ್ಗಕ್ಕೆ ಈಗಾಗಲೇ ಇದೆ, ಹೊಸದಾಗಿ ಏನೂ ಕಟ್ಟಬೇಕಿಲ್ಲ. ಮೊದಲ ದಿನವೇ ಕೊಟ್ಟರೆ ಅದು ಬರೀ ಸಲಕರಣೆ. ಐದು ಸಲ ಬಗ್ಗಿ ಬಗ್ಗಿ ಹೆಣಗಳ ನಡುವೆ ಚಕ್ರ ಆರಿಸಿದವನಿಗೆ ಆರನೇ ಸಲ ಸಿಕ್ಕರೆ ಆಗ ಅದರ ಮಜಾ ಬೇರೆ.

ನಿಮ್ಮ ಟೇಬಲ್ಲಿನಲ್ಲಿ ಯಾರೋ ಒಬ್ಬರು 'ಡಿ20ರಲ್ಲಿ 1 ಬಿದ್ದರೆ ಕಲ್ಲು ನಮ್ಮವನಿಗೇ ತಗಲಲಿ' ಅನ್ನುತ್ತಾರೆ, ಖಂಡಿತ ಅನ್ನುತ್ತಾರೆ. ನನ್ನ ಟೆನಿಸ್ ಬಾಲಿನ ಕಥೆ ಓದಿದ ಮೇಲಂತೂ ಬಿಡುವುದಿಲ್ಲ. ಚಾರ್ಲ್ಸ್ ಡಾರ್ವಿನ್ ಕೂಡ ದಕ್ಷಿಣ ಅಮೆರಿಕದಲ್ಲಿ ಕುದುರೆಯ ಮೇಲೆ ಕೂತು ಬೋಲಾ ತಿರುಗಿಸಲು ಹೋಗಿ, ಒಂದು ಗುಂಡು ಪೊದೆಗೆ ತಗಲಿ, ಹಗ್ಗ ತನ್ನದೇ ಕುದುರೆಯ ಕಾಲಿಗೆ ಸುತ್ತಿಕೊಂಡು ನಗೆಪಾಟಲಾಗಿದ್ದ. ಬೋಲಾ ಅಂದರೆ ಹಗ್ಗದ ತುದಿಗಳಿಗೆ ಗುಂಡು ಕಟ್ಟಿ, ಓಡುವ ಪ್ರಾಣಿಯ ಕಾಲಿಗೆ ಸಿಕ್ಕಿಸಲು ಎಸೆಯುವ ಸಾಧನ. ಆದರೂ ಈ ರೂಲ್ ಬೇಡ ಅನ್ನುತ್ತೇನೆ. ಕಾರಣ ಲೆಕ್ಕದಲ್ಲಿದೆ. ಒಂದು ಎಸೆತಕ್ಕೆ 1 ಬೀಳುವುದು ನೂರಕ್ಕೆ 5 ಸಲ. ಹನ್ನೊಂದನೇ ಲೆವೆಲ್ ಫೈಟರ್ ಒಂದು ರೌಂಡಿನಲ್ಲಿ ಮೂರು ಸಲ ಎಸೆಯುತ್ತಾನೆ. ಆ ರೌಂಡಿನಲ್ಲಿ ಒಮ್ಮೆಯಾದರೂ ಎಡವಟ್ಟಾಗುವ ಸಾಧ್ಯತೆ 14ಕ್ಕೆ ಏರುತ್ತದೆ. ಅಂದರೆ ಕಲಿತಷ್ಟೂ ಜಾಸ್ತಿ ಎಡವುತ್ತಾನೆ! ಡಾರ್ವಿನ್ ಹೊಸಬ, ನಾನೂ ಹೊಸಬ. ಬೇಕೇ ಬೇಕು ಅಂದರೆ ಆ ಆಯುಧದಲ್ಲಿ ಪ್ರೊಫಿಷಿಯೆನ್ಸಿ ಇಲ್ಲದವರಿಗೆ ಮಾತ್ರ ಹಾಕಿ.

ಬಲೆ ನೀವು ಕೇಳಿಲ್ಲ, ಆದರೂ ಕರಾವಳಿಯ ಪಾತ್ರ ಯಾವತ್ತಾದರೂ ಬೀಸುಬಲೆ ತರುತ್ತದೆ, ಒಂದು ಮಾತು ಹೇಳಿಬಿಡುತ್ತೇನೆ. 2014ರ ಪುಸ್ತಕದಲ್ಲಿ ಬಲೆಗೆ 5/15 ಅಡಿ. ಐದು ಅಡಿಯಲ್ಲಿ ಶತ್ರು ಪಕ್ಕದಲ್ಲೇ ಇರುವುದರಿಂದ ಡಿಸ್‌ಅಡ್ವಾಂಟೇಜ್, ಅದರಾಚೆ ದೂರ ಹೆಚ್ಚಾಯಿತೆಂದು ಡಿಸ್‌ಅಡ್ವಾಂಟೇಜ್. ಎಲ್ಲಿ ನಿಂತರೂ ತಪ್ಪಿದ್ದಲ್ಲ. 2024ರಲ್ಲಿ ಇದನ್ನು ಬಿಟ್ಟು, 15 ಅಡಿಯೊಳಗಿನವನು ಡೆಕ್ಸ್ಟೆರಿಟಿ (ಚುರುಕು) ಸೇವ್ ಮಾಡಲಿ ಅಂದಿದ್ದಾರೆ. ಅದನ್ನೇ ಬಳಸಿ. ಮೀನುಗಾರರು ಬಲೆಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಉಳಿದದ್ದನ್ನು ಮೊಣಕೈ ಮೇಲೆ ಮಡಚಿ ಹಾಕಿ ಬೀಸುವುದನ್ನು ನೋಡಿದ್ದೀರಲ್ಲ? ಮತ್ತೆ ಎಸೆಯುವ ಮೊದಲು ಹಾಗೆ ಮಡಚಲು ಒಂದು ಪೂರ್ತಿ ಆಕ್ಷನ್ ಕೇಳಿ.

ಉಳಿದದ್ದು ಒನಕೆ. ಎಸೆಯಬಹುದು, ಪುಸ್ತಕ ಬೇಡ ಅನ್ನುವುದಿಲ್ಲ. ಎಸೆಯಲು ಮಾಡದ ಯಾವುದನ್ನೇ ಎಸೆದರೂ ಡಿ4, 20/60. ಆದರೆ ಎಸೆದರೆ ಒನಕೆಗೇ ಅವಮಾನ. ಕೈಯಲ್ಲಿ ಹಿಡಿದರೆ ಅದು ಪುಸ್ತಕದ ಗ್ರೇಟ್‌ಕ್ಲಬ್‌ಗೆ ಸಮ, ಎರಡೂ ಕೈ ಬೇಕು, ಡಿ8. ಓಬವ್ವ ಒನಕೆ ಎಸೆದಳು ಅಂತ ಯಾರೂ ಹೇಳಿಲ್ಲ. ಅವಳು ಕಿಂಡಿಯ ಪಕ್ಕದಲ್ಲಿ ನಿಂತಿದ್ದಳು. ಆಟದಲ್ಲಿ ಅದಕ್ಕೆ ಹೊಸ ರೂಲ್ ಕೂಡ ಬೇಡ. ತನ್ನ ಗಾತ್ರಕ್ಕಿಂತ ಚಿಕ್ಕ ಸಂದಿಯಲ್ಲಿ ತೂರಿ ಬರುವವನ ಮೇಲೆ ಹೊಡೆಯುವವರಿಗೆ ಅಡ್ವಾಂಟೇಜ್, ತೂರುತ್ತಿರುವವನು ತಿರುಗಿ ಹೊಡೆದರೆ ಅವನಿಗೆ ಡಿಸ್‌ಅಡ್ವಾಂಟೇಜ್ ಅಂತ 2014ರ ಪುಸ್ತಕದಲ್ಲೇ ಬರೆದಿದೆ. ನಿಮ್ಮ ನಾಲ್ಕನೆಯ ಆಟಗಾರ್ತಿಗೆ ಕೋಟೆಯಲ್ಲಿ ಒಂದು ಕಿಂಡಿ ಮಾಡಿಕೊಡಿ, ಎರಡು ಡಿ20 ಕೈಗೆ ಕೊಡಿ.